ಕೊರಳ ಗುಂಡಿಯೂ ಹಸನಾದ ಜೋಳವೂ

ವಯಸ್ಸಾದ ಮೇಲೆ ಒಬ್ಬಳೇ ಇರುವ ಹೆಂಗಸು ಹಾಡಹಗಲೇ ಅರ್ಧ ಬಾಗಿಲು ಹಾಕಿದ ಅಂಗಡಿ ಇದ್ದಂತೆ. ದಾರಿಯಲ್ಲಿ ಹೋಗುವವರಿಗೆಲ್ಲ ಒಳಗೇನಾಗಿದೆ ಎಂದು ಇಣುಕಿ ನೋಡುವ ಹಕ್ಕು ತಾನಾಗಿಯೇ ಬಂದುಬಿಡುತ್ತದೆ. ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಏನಾದರೂ ಆದರೆ ಏನು ಮಾಡುತ್ತೀರಿ ಎಂದೇ ಕೇಳುತ್ತಾರೆ. ಈ 'ಏನಾದರೂ' ಅಂದರೆ ಏನು ಎಂದು ನಾನು ತಿರುಗಿ ಕೇಳಿದರೆ ಮಾತ್ರ ಮುಖ ಆ ಕಡೆ ಮಾಡಿ ಹವಾಮಾನದ ಮಾತು ತೆಗೆಯುತ್ತಾರೆ. ನಾನು ಮದುವೆ ಬೇಡವೆಂದಾಗಲೂ ಇದೇ ಜನ ಮುಂದೆ ಹೇಗೆ ಎಂದು ಕೇಳಿದ್ದರು. ಆ 'ಮುಂದೆ' ಬಂದು, ಹಳೆಯದಾಗಿ, ಈಗ ಪಿಂಚಣಿಯನ್ನೂ ತಿನ್ನುತ್ತಿದೆ. ಅವರ ಪ್ರಶ್ನೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ವಿಜಯಪುರ ಇನ್ನೂ ಬಿಜಾಪುರವಾಗಿದ್ದ ಕಾಲದಲ್ಲಿ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಊರಿನ ಕಷ್ಟಸುಖವನ್ನೆಲ್ಲ ಒಂದು ತೂತಿನಿಂದ ಎಳೆದು ಇನ್ನೊಂದು ತೂತಿಗೆ ಚುಚ್ಚುವುದು ನನ್ನ ಕೆಲಸ. ಹೆರಿಗೆ, ಸಾವು, ದ್ರಾಕ್ಷಿಯ ಧಾರಣೆ, ಮುರಿದುಬಿದ್ದ ಸಂಬಂಧ ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕಿತ್ತು. 'ಜರಾ ಲಗೂನ ಲೈನ್ ಹಚ್ಚಿ ಕೊಡ್ರಿ ಬಾಯಾರ' ಎಂದು ಅತ್ತವರ ದನಿ ಈಗಲೂ ಕಿವಿಯಲ್ಲಿದೆ. ಹಾಗೆ ಜಿಲ್ಲೆಯ ಆಪತ್ತನ್ನೆಲ್ಲ ಸಾಗಿಸಿದವಳ ಕೊರಳಿಗೆ, ಅವಳದೇ ಆಪತ್ತನ್ನು ಸಾಗಿಸಲೆಂದು, ಕಡೆಗಾಲದಲ್ಲಿ ಒಂದು ಗುಂಡಿ ಕಟ್ಟಿದರು.

ಕಟ್ಟಿದವನು ಬಬಲೇಶ್ವರದಲ್ಲಿರುವ ನನ್ನ ತಮ್ಮ ಮಲ್ಲಪ್ಪ. ತಂದುಕೊಟ್ಟವಳು ಅವನ ಮಗಳು ಸವಿತಾ. ತಿಕೋಟಾಕ್ಕೆ ಕೊಟ್ಟ ಹುಡುಗಿ, ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ತರಿಸುವ ಸ್ವಭಾವದವಳು. ಕರಿ ದಾರದಲ್ಲಿ ಜೋತುಬಿದ್ದ, ನಡುವೆ ಕೆಂಪು ಚುಕ್ಕೆ ಇರುವ ಬಿಳಿ ಬಿಲ್ಲೆ. ಅದನ್ನು ಒತ್ತಿದರೆ ಮೂವರ ಫೋನು ಒಟ್ಟಿಗೆ ಬಡಿದುಕೊಳ್ಳುತ್ತದೆ. ತಮ್ಮನದು, ಸವಿತಾಳದು, ಮತ್ತು ಕೆಳಗಿನ ಮನೆಯ ರಜಿಯಾ ಬೇಗಂ ಅವರದು. ರಜಿಯಾ ನನ್ನ ಮನೆಯ ಮಾಲಕಿ. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಬಳೆ ಅಂಗಡಿ ಇದೆ, ಈಗ ಮಗ ನೋಡಿಕೊಳ್ಳುತ್ತಾನೆ. ಹೆಚ್ಚುಕಡಿಮೆ ನನ್ನದೇ ವಯಸ್ಸು. ನಳದ ನೀರಿನ ವಿಷಯಕ್ಕೆ ನಾವು ಜಗಳವಾಡದ ದಿನ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದೇ ಅರ್ಥ. ಫೋನು ಎತ್ತಿದರೆ ಬಿಲ್ಲೆಯೊಳಗಿನ ಹೆಂಗಸು, 'ನಿಮ್ಮ ಆತ್ಮೀಯರು ತೊಂದರೆಯಲ್ಲಿದ್ದಾರೆ' ಎಂದು ವಾರ್ತೆ ಓದಿದಂತೆ ಹೇಳುತ್ತಾಳೆ. ಆ ದನಿಯಲ್ಲಿ ಒಂದಿಷ್ಟೂ ಗಾಬರಿಯಿಲ್ಲ. ನಮ್ಮ ಕಾಲದಲ್ಲಿ ಹೀಗೆ ಹೇಳಿದ್ದರೆ ಸೂಪರ್‌ವೈಜರ್ ಬಾಯಾರು ಕಿವಿ ಹಿಂಡುತ್ತಿದ್ದರು.

ಕೊರಳಲ್ಲಿ ಆಗಲೇ ಲಿಂಗದ ಕರಡಿಗೆ ಇತ್ತು. ಅದರ ಪಕ್ಕಕ್ಕೆ ಇದೂ ಬಂತು. ನನ್ನನ್ನು ಕಾಯುವವರು ಇಬ್ಬರಾದರು. ಅವರಲ್ಲಿ ಒಬ್ಬರನ್ನು ಮಾತ್ರ ರಾತ್ರಿ ಚಾರ್ಜಿಗೆ ಹಾಕಬೇಕು.

ಇದನ್ನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ತಮ್ಮ ನನ್ನೆದುರು ಕೂತು, ಪಂಚಾಯ್ತಿ ತೀರ್ಪು ಓದುವಂತೆ ಹೇಳಿಬಿಟ್ಟಿದ್ದ. "ಅಕ್ಕಾ, ಇದನ್ನ ಹಾಕ್ಕೊಂಡ್ರ ಇಲ್ಲೇ ಇರು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಮ್ಮಿ ಬಿದ್ದಿ ಅಂದ್ರ ಮುಗೀತು, ಗಂಟುಮೂಟಿ ಕಟ್ಟಿ ಬಬಲೇಶ್ವರಕ್ಕ ಕರಕೊಂಡ ಹೋಗವನ." ತಮ್ಮನ ಮನೆ ಕೆಟ್ಟದ್ದೆಂದು ನಾನು ಹೇಳಲಾರೆ. ಅಲ್ಲಿಯ ತೊಂದರೆಯೆಂದರೆ ಪ್ರೀತಿ. ಹೋದ ವರ್ಷ ಒಂದು ವಾರ ಇದ್ದು ನೋಡಿದೆ. ನೀರಿನ ಲೋಟಕ್ಕೆ ಕೈ ಚಾಚಿದರೆ ತಮ್ಮನ ಹೆಂಡತಿ ಓಡಿಬಂದು ಲೋಟವನ್ನು ಬಾಯಿಗೇ ಹಿಡಿಯುತ್ತಾಳೆ. ಬಾಗಿಲ ತನಕ ಹೋದರೆ ಎಲ್ಲಿಗೆ ಎನ್ನುತ್ತಾರೆ, ಹೋಗದಿದ್ದರೆ ಮೈಯಲ್ಲಿ ಹುಷಾರಿಲ್ಲವೇ ಎನ್ನುತ್ತಾರೆ. ಮೊದಲೆರಡು ದಿನ ಅತಿಥಿಯಾಗಿದ್ದೆ, ಆಮೇಲೆ ಗೋಡೆಯ ಮೇಲಿನ ಫೋಟೊ ಆದೆ. ಹಾರ ಹಾಕುವುದೊಂದು ಬಾಕಿಯಿತ್ತು. ಇಲ್ಲಿ ನನ್ನ ಎರಡು ಕೋಣೆಯಲ್ಲಿ ನಾನು ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಅದು ನನ್ನದೇ ತಪ್ಪು. ಈ ವಯಸ್ಸಿನಲ್ಲಿ ಸ್ವಂತ ತಪ್ಪು ಮಾಡಲು ಒಂದು ಜಾಗ ಇರುವುದು ಸಣ್ಣ ಭಾಗ್ಯವಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಬಿಲ್ಲೆ ಮೊದಲ ಸಲ ಕೂಗಿದ್ದು ನಾನು ರೊಟ್ಟಿ ಬಡಿಯುವಾಗ. ಮುಂದಕ್ಕೆ ಬಾಗಿದಾಗ ಅದು ಜೋತಾಡಿ ಹಿಟ್ಟಿನ ಪರಾತದ ಅಂಚಿಗೂ ನನ್ನ ಎದೆಗೂ ನಡುವೆ ಸಿಕ್ಕಿಬಿತ್ತು. ಕ್ಷಣದಲ್ಲಿ ರಜಿಯಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತಿಕೋಟಾದಿಂದ ಸವಿತಾ ಸ್ಕೂಟಿಯಲ್ಲಿ ಬಂದಳು. ಬಬಲೇಶ್ವರದಿಂದ ತಮ್ಮ ಜೀಪು ಮಾಡಿಕೊಂಡು, ಇರಲಿ ಎಂದು ಇಬ್ಬರು ಹಿರಿಯರನ್ನೂ ಹೇರಿಕೊಂಡು ಬಂದ. ನಾನು ಗಟ್ಟಿಮುಟ್ಟಾಗಿ ರೊಟ್ಟಿ ಬಡಿಯುತ್ತಿರುವುದನ್ನು ಕಂಡು ಆ ಹಿರಿಯರ ಮುಖ ಸಣ್ಣದಾದದ್ದನ್ನು ನಾನು ಮರೆತಿಲ್ಲ. ಅಷ್ಟು ದೂರದಿಂದ ಬಂದವರಿಗೆ ನಾನು ಸುಖವಾಗಿದ್ದು ನಿರಾಸೆ ಮಾಡಿದ್ದೆ. ನಮ್ಮ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೂ ಬರಿಬಾಯಲ್ಲಿ ಕಳಿಸುವಂತಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮೇಲೊಂದು ಚಹಾ ಎಲ್ಲವೂ ಆಯಿತು. ನನ್ನ ಜೀವ ಉಳಿಸಲು ಬಂದವರಿಗೆ ರೊಟ್ಟಿ ಬಡಿದು ಬಡಿದು ಸಂಜೆಯ ಹೊತ್ತಿಗೆ ಜೀವ ಹೋದಂತಾಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಬಾಯಾರಿಗೆ ಏನೋ ಆಗಿತ್ತಂತೆ ಎಂಬ ಸುದ್ದಿ ಹಬ್ಬಿ, ಮರುದಿನದಿಂದ ಮಾತಾಡಿಸಿಕೊಂಡು ಹೋಗುವವರು ಶುರುವಾದರು. ಕೈಯಲ್ಲಿ ಬಿಸ್ಕಿಟಿನ ಪುಡಿಕೆ, ಬಾಯಲ್ಲಿ ಬಿದ್ದವರ ಚರಿತ್ರೆ. ಹೊನವಾಡದಲ್ಲಿ ಒಬ್ಬರು ದ್ರಾಕ್ಷಿ ತೋಟದಲ್ಲಿ ಜಾರಿದರಂತೆ, ಮತ್ತೆ ಏಳಲೇ ಇಲ್ಲವಂತೆ. ಘೋಣಸಗಿಯಲ್ಲಿ ಒಬ್ಬಾಕೆ ಹೊಸ್ತಿಲು ಎಡವಿದ್ದೇ ನೆಪವಂತೆ. ಎಡವಿ ಬಿದ್ದು ಎದ್ದು ಮನೆಗೆ ಹೋದವರ ಕತೆಯನ್ನು ಒಬ್ಬರಾದರೂ ಹೇಳಿದ್ದರೆ ಅವರಿಗೆ ಇನ್ನೊಂದು ಕಪ್ ಚಹಾ ಕೊಡುತ್ತಿದ್ದೆ. ಎಲ್ಲರೂ ಏಳುವಾಗ ಹುಷಾರಿರಿ ಎಂದು ಹೇಳಿ, ನನ್ನ ಕಾಲುಗಳನ್ನು ಸಂತೆಯಲ್ಲಿ ಎತ್ತಿನ ಕಾಲು ನೋಡಿದಂತೆ ನೋಡಿ ಹೋಗುತ್ತಿದ್ದರು.

ಇಷ್ಟೆಲ್ಲ ಆಡಿಕೊಂಡ ಮೇಲೆ, ನಾನು ನಿಜವಾಗಿಯೂ ಬಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಮನೆಯಲ್ಲಿ ನೈಟಿ ಹಾಕಿಕೊಳ್ಳಿ ಅತ್ತೆ ಎಂದು ಸವಿತಾ ಬಡಿದುಕೊಂಡಿದ್ದಳು. ನಾನು ಇಳಕಲ್ ಸೀರೆಯ ಮಾನದ ಬಗ್ಗೆ ಅವಳಿಗೆ ದೊಡ್ಡ ಭಾಷಣ ಮಾಡಿದ್ದೆ. ಅದೇ ಮಾನವಂತ ಸೀರೆಯ ನೆರಿಗೆ ಒಂದು ಮುಂಜಾನೆ ಕಾಲಿಗೆ ಸಿಕ್ಕಿ ಅಡುಗೆಮನೆಯ ನೆಲದ ಮೇಲೆ ದೊಪ್ಪನೆ ಕೂತೆ. ಎಡಗಾಲು ಹೊರಳಿತು. ಏಳಲು ನೋಡಿದೆ, ಆಗಲಿಲ್ಲ. ಹೊನವಾಡದವರೂ ಘೋಣಸಗಿಯವರೂ ಸಾಲಾಗಿ ಕಣ್ಣ ಮುಂದೆ ಬಂದರು. ಸುಳ್ಳೇಕೆ ಹೇಳಲಿ, ಹೆದರಿಬಿಟ್ಟೆ. ಹೆದರಿ, ಕರಡಿಗೆಯನ್ನು ಆಚೆ ಸರಿಸಿ, ಬಿಲ್ಲೆಯನ್ನೇ ಹಿಡಿದು ಒತ್ತಿದೆ. ಯಾರ ಮೇಲೆ ಎಷ್ಟು ಭಕ್ತಿ ಎಂಬುದು ಆ ಗಳಿಗೆಯಲ್ಲಿ ಗೊತ್ತಾಗಿಹೋಯಿತು.

ಒತ್ತಿದ ಕೈ ಇನ್ನೂ ಇಳಿದಿರಲಿಲ್ಲ, ತಮ್ಮನ ತೀರ್ಪು ನೆನಪಾಯಿತು. ಒಮ್ಮೆ ಬಿದ್ದರೆ ಮುಗಿಯಿತು. ಕೆಳಗೆ ರಜಿಯಾ ಚಪ್ಪಲಿ ಮೆಟ್ಟಿದ ಸದ್ದು ಕೇಳಿತು. ಕಾಲಿನ ನೋವಿಗಿಂತ ಬಬಲೇಶ್ವರದ ಹೆದರಿಕೆಯೇ ದೊಡ್ಡದಾಯಿತು. ಆಗ ನನ್ನ ಕಣ್ಣಿಗೆ ಬಿದ್ದದ್ದು ಕೈಗೆಟಕುವಷ್ಟು ದೂರದಲ್ಲಿದ್ದ ಮೊರ ಮತ್ತು ಜೋಳದ ಡಬ್ಬಿ. ಕುರ್ಚಿಯ ಮೇಲೆ ಕೂತು ಬಾಳುವ ಜನರ ನಡುವೆ ಮುದುಕಿಯೊಬ್ಬಳು ನೆಲದ ಮೇಲಿದ್ದರೆ ಬಿದ್ದಿದ್ದಾಳೆ ಎನ್ನುತ್ತಾರೆ. ನಮ್ಮ ಕಡೆ ನೆಲದ ಮೇಲಿದ್ದು ಮಡಿಲಲ್ಲಿ ಮೊರ ಇದ್ದರೆ ಜೋಳ ಹಸನು ಮಾಡುತ್ತಿದ್ದಾಳೆ ಎನ್ನುತ್ತಾರೆ. ಹೊರಳಿದ ಕಾಲನ್ನು ಸೀರೆಯೊಳಗೆ ಸೇರಿಸಿ, ಮೊರದಲ್ಲಿ ಜೋಳ ಸುರಿದುಕೊಂಡು, ಇಲ್ಲದ ಹರಳು ಆರಿಸುತ್ತ ಕೂತೆ.

ರಜಿಯಾ ಬಂದು ಬಾಗಿಲಲ್ಲೇ ನಿಂತರು. ಮೊರವನ್ನು ನೋಡಿದರು, ನನ್ನನ್ನು ನೋಡಿದರು. ಹಸನು ಮಾಡುವಾಗ ಬಿಲ್ಲೆ ಮೊರಕ್ಕೆ ತಾಗಿತು ಎಂದೆ. ಅವರು ಒಳಬಂದು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು. ಸವಿತಾ ಬಂದಳು, ಆಮೇಲೆ ತಮ್ಮನೂ ಬಂದ. ಹಿರಿಯರನ್ನು ಈ ಸಲ ಕರೆತಂದಿರಲಿಲ್ಲ. ಅವರಿಗೆ ನನ್ನ ಮೇಲಿನ ನಂಬಿಕೆ ಹೋಗಿತ್ತು. ಮೇಲೆ ಕೂಡು ಬಾ ಅಕ್ಕಾ ಎಂದ ತಮ್ಮ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಏಳುವವಳಲ್ಲ ನಾನು ಎಂದೆ. ಚಹಾ ಯಾಕೆ ಇವತ್ತು ರಜಿಯಾಬಾಯಿ ಮಾಡುತ್ತಿದ್ದಾರೆ ಎಂದು ಸವಿತಾ ಕೇಳಿದಳು. ಬಾಯಾರ ಚಹಾ ಕುಡಿದು ಕುಡಿದು ಬ್ಯಾಸರಾಗಿದೆ ಎಂದು ಒಲೆಯ ಮುಂದಿನಿಂದ ಉತ್ತರ ಬಂತು. ಬೇರೆ ದಿನವಾಗಿದ್ದರೆ ಆ ಮಾತಿಗೆ ನೀರಿನ ಜಗಳವನ್ನೂ ಸೇರಿಸಿ ತಿರುಗೇಟು ಕೊಡುತ್ತಿದ್ದೆ. ಅವತ್ತು ತಲೆ ತಗ್ಗಿಸಿ ಹರಳು ಆರಿಸಿದೆ.

ಅವರು ಹೊರಟು ನಿಂತಾಗ ನನಗೆ ಗೆದ್ದಷ್ಟು ಸಂತೋಷವಾಯಿತು. ಆದರೆ ಮನೆಮಗಳು ತಿರುಗಿ ಹೋಗುವಾಗ ಕುಂಕುಮ ಕೊಡದೆ ಕಳಿಸುವುದು ಹೇಗೆ? ಭರಣಿಯನ್ನು ರಜಿಯಾ ತಾವಾಗಿಯೇ ತಂದು ನನ್ನ ಕೈಗಿಟ್ಟರು. ಸವಿತಾಳನ್ನು ಬಗ್ಗಿಸಿ ಹಣೆಗೆ ಹಚ್ಚಿದೆ. ನಮ್ಮ ಹುಡುಗಿಗೆ ಸಂಸ್ಕಾರ ಬಹಳ. ಕುಂಕುಮ ಹಚ್ಚಿಸಿಕೊಂಡವಳು ಕಾಲಿಗೆ ಬೀಳದೆ ಹೋಗಲಾರಳು. ಸೀರೆಯಂಚಿನ ಕೆಳಗೆ ಹುಡುಕಿ ಹುಡುಕಿ, ಇದ್ದ ಎರಡು ಕಾಲುಗಳಲ್ಲಿ ಎಡಗಾಲನ್ನೇ ಆರಿಸಿಕೊಂಡು, ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ನಮಸ್ಕಾರ ಮಾಡಿದಳು. ನೂರು ಕಾಲ ಬಾಳು ಮಗಳೇ ಎಂದೆ. ದನಿ ಅರ್ಧಕ್ಕೇ ನಡುಗಿ ಕಣ್ಣಲ್ಲಿ ದಳದಳ ನೀರು ಬಂತು. ಅತ್ತೆಗೆ ನನ್ನ ಮೇಲೆ ಎಷ್ಟು ಜೀವ ಎಂದು ಅವಳೂ ಕಣ್ಣೊರೆಸಿಕೊಂಡಳು. ತಮ್ಮನೂ ಮೂಗು ಒರೆಸಿಕೊಂಡ. ಇಡೀ ಮನೆತನದಲ್ಲಿ ಇಷ್ಟು ಪ್ರೀತಿ ಒಂದೇ ಕಡೆ ಹರಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜೀಪಿನ ಸದ್ದು ದೂರವಾಯಿತು. ಅವರನ್ನು ಕಳಿಸಲು ರಜಿಯಾ ಕೆಳಗಿಳಿದಿದ್ದರು. ನಾನು ಗೆದ್ದಿದ್ದೆ, ಮತ್ತು ನೆಲದ ಮೇಲೇ ಇದ್ದೆ. ಮತ್ತೊಮ್ಮೆ ಬಿಲ್ಲೆ ಒತ್ತಿದರೆ ಜೀಪು ಅರ್ಧ ದಾರಿಯಿಂದ ತಿರುಗಿ ಬರುತ್ತದೆ. ಊರಿಗೆಲ್ಲ ಬೇಕಾದವರ ಲೈನು ಹಚ್ಚಿಕೊಟ್ಟ ಆಪರೇಟರಿಗೆ, ಕೆಳಗಿನ ಮನೆಯ ಒಬ್ಬರಿಗಷ್ಟೇ ಲೈನು ಹಚ್ಚುವ ದಾರಿಯಿರಲಿಲ್ಲ. ಮೊಬೈಲು ಒಳಕೋಣೆಯ ಮಂಚದ ಮೇಲಿತ್ತು, ಕೂಗಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಅಳು ಬಂತು, ಈ ಸಲ ಕಾಲಿನ ನೋವಿಗಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು.

"ನಿನ್ನಿ ನಾನ ಹಸನ ಮಾಡಿ ಕೊಟ್ಟ ಜ್ವಾಳರಿ ಅದು. ಅದ್ರಾಗ ಇಷ್ಟೊತ್ತನ ಏನ್ ಹುಡಕಾಕತ್ತೀರಿ, ಬಾಯಾರ?"

ನಾನು ಮೊರವನ್ನು ಕೆಳಗಿಟ್ಟೆ. ರಜಿಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾವ ಕಾಲು ಎಂದಷ್ಟೇ ಕೇಳಿ, ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಸೀರೆ ತರಲು ಹೋಗುತ್ತೇವೆಂದು ಓಣಿಗೆಲ್ಲ ಕೇಳುವಂತೆ ಹೇಳಿ, ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದರು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ನನ್ನ ತಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. ಅವರು ನನ್ನ ಕೊರಳ ಬಿಲ್ಲೆಯತ್ತ ಕೈ ತೋರಿಸಿದರು.

"ನನ್ನ ಮಗಾನೂ ನನಗೊಂದು ತರಸ್ಯಾನರಿ. ನಾಳಿ ನಾ ಬಿದ್ದಾಗ ನೀವೂ ಹಿಂಗ ನಡಿಸಿಕೊಡಬೇಕು. ನನಗ ಜ್ವಾಳ ಬ್ಯಾಡ, ಅಕ್ಕಿ ಇಡ್ರಿ. ಜ್ವಾಳ ಹಸನ ಮಾಡಿ ಮಾಡಿ ಕಣ್ಣ ಸೋತಾವ."

ಅಂದಿನಿಂದ ನನ್ನ ಅಡುಗೆಮನೆಯಲ್ಲಿ ಒಂದು ಮೊರ, ಅವರ ಅಡುಗೆಮನೆಯಲ್ಲಿ ಒಂದು ಮೊರ, ಎರಡೂ ನೆಲದ ಮೇಲೆ ಸದಾ ಸಿದ್ಧವಾಗಿವೆ. ಬಿಲ್ಲೆಗಳು ನಮ್ಮ ಕೊರಳಲ್ಲಿ ತಮ್ಮಷ್ಟಕ್ಕೆ ಮಿನುಗುತ್ತವೆ. ನೀರಿನ ಜಗಳವನ್ನು ನಿಲ್ಲಿಸಿಲ್ಲ, ನಿಲ್ಲಿಸಿದರೆ ಮನೆಯವರಿಗೆ ಸಂಶಯ ಬರುತ್ತದೆ.

ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದುಕೊಂಡಿದ್ದೆ. ಆದರೆ ನನ್ನ ತಮ್ಮ ಊರಿಗೆ ಹೋಗಿ ಅಕ್ಕನ ದುಡಿಮೆಯನ್ನು ಕಂಡ ಕಂಡವರಿಗೆಲ್ಲ ಹೊಗಳಿದ್ದಾನೆ. ಈ ವಯಸ್ಸಿನಲ್ಲೂ ನೆಲ ಬಿಟ್ಟು ಏಳುವುದಿಲ್ಲ, ಜೋಳ ಹಸನು ಮಾಡುವುದೆಂದರೆ ಅವಳಿಗೆ ಪ್ರಾಣ ಎಂದು ಹೇಳಿದ್ದಾನೆ. ಮೊನ್ನೆ ಜೀಪು ಬಂದು ನನ್ನ ಬಾಗಿಲಲ್ಲಿ ಒಂದು ಚೀಲ ಜೋಳ ಇಳಿಸಿ ಹೋಯಿತು. ನಿನಗೂ ಹೊತ್ತು ಹೋಗುತ್ತದೆ, ನಿಧಾನವಾಗಿ ಹಸನು ಮಾಡಿ ಕಳಿಸು, ಮುಗಿದ ಮೇಲೆ ಇನ್ನೊಂದು ಚೀಲ ಇದೆ ಎಂದು ಫೋನು ಮಾಡಿ ಹೇಳಿದ. ಉಳುಕಿದ ಕಾಲನ್ನು ಚಾಚಿಕೊಂಡು ಆ ಚೀಲದ ಮುಂದೆ ಕೂತಿದ್ದೇನೆ. ನಾನು ಬಿದ್ದಿಲ್ಲ, ಎದೆ ಸರಿಯಾಗಿಯೇ ಹೊಡೆದುಕೊಳ್ಳುತ್ತಿದೆ. ಆದರೂ ಬೆರಳು ಮತ್ತೆ ಮತ್ತೆ ಆ ಕೆಂಪು ಚುಕ್ಕೆಯ ಹತ್ತಿರವೇ ಹೋಗುತ್ತಿದೆ.