ಫೇಲಾದ ಭಟ್ಟರಿಗೆ ಎಲ್ಲ ಅರ್ಥವಾಗಿತ್ತು

ಇಂಗ್ಲಿಷ್ ಕೇಳಿದರೆ ಅರ್ಥವಾಗುವುದಿಲ್ಲ ಎಂದು ಒಬ್ಬ ಅಡುಗೆಯವರನ್ನು ಫೇಲ್ ಮಾಡಿದರು. ಮಾಡಿದ್ದು ತಪ್ಪು. ಅವರಿಗೆ ಎಲ್ಲ ಅರ್ಥವಾಗಿತ್ತು. ಕೈಕೆಲಸ ಬಲ್ಲವರನ್ನು ಕಾಗದ ಬಲ್ಲವರು ಅಳೆಯಲು ಕೂತಾಗಲೆಲ್ಲ ಹೀಗೆ ಆಗುತ್ತಲೇ ಇರುತ್ತದೆ.

ಬೊಂಬಾಯಿಯ ಮುಲುಂಡ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅವರು ಎಂಟು ವರ್ಷ ಸಪ್ಲೈಯರ್ ಆಗಿದ್ದರು. ಆಮೇಲೆ ಹನ್ನೆರಡು ವರ್ಷ ಒಲೆಯ ಮುಂದೆ. ನಾವೆಲ್ಲ ಭಟ್ರೇ ಅನ್ನುತ್ತಿದ್ದೆವು. ತೊಂಬತ್ತರ ಆಸುಪಾಸಿನಲ್ಲಿ ಆ ರಸ್ತೆಯ ಹೋಟೆಲುಗಳು ಒಂದೊಂದಾಗಿ ಬಾರ್ ಆಗತೊಡಗಿದವು. ಇವರ ಧಣಿಯೂ ಮುಂದಿನ ದೀಪಾವಳಿಗೆ ನಮ್ಮದೂ ಬಾರ್ ಎಂದುಬಿಟ್ಟರು. ಬಾರಿಗೆ ಹುರಿದ ಕಡಲೆ ಸಾಕು, ಭಟ್ಟರು ಬೇಡ. ಅದೇ ಸಮಯಕ್ಕೆ ಒಂದು ದೂರದೇಶ ನುರಿತ ಅಡುಗೆಯವರು ಬೇಕೆಂದು ಕರೆಯಿತು. ಭಟ್ಟರು ಅರ್ಜಿ ಹಾಕಿದರು. ಅನುಭವ ಒಪ್ಪಿಗೆಯಾಯಿತು, ಕಾಗದಪತ್ರ ಒಪ್ಪಿಗೆಯಾಯಿತು, ಇಂಗ್ಲಿಷ್ ಪರೀಕ್ಷೆ ಮಾತ್ರ ಉಳಿಯಿತು. ನಲವತ್ತೈದು ತುಂಬುವ ಮೊದಲು ಪಾಸಾಗಬೇಕು. ಅಷ್ಟರೊಳಗೆ ಎರಡೇ ಸಲ ಕೂರಬಹುದಿತ್ತು.

೧. ಕಿವಿಯ ಪರೀಕ್ಷೆ

ಕ್ಯಾಸೆಟ್ ಒಂದೇ ಸಲ ಹಾಕುತ್ತಾರೆ. ಕೇಳುತ್ತ ಕೇಳುತ್ತಲೇ ಉತ್ತರ ಬರೆಯಬೇಕು. ಪರೀಕ್ಷೆಯ ಕೋಣೆಯಲ್ಲಿದ್ದವರೆಲ್ಲ ಬೆವರುತ್ತ ಗೀಚುತ್ತಿದ್ದರೆ ಭಟ್ಟರು ಕೈಕಟ್ಟಿ ಕೂತಿದ್ದರಂತೆ. ಮೇಲ್ವಿಚಾರಕ ಬಂದು ಪೆನ್ನು ತೋರಿಸಿ ಗದರಿದ. ಇವರು ತಲೆಯಾಡಿಸಿದರು, ಪೆನ್ನು ಮುಟ್ಟಲಿಲ್ಲ. ಕ್ಯಾಸೆಟ್ ನಿಂತ ಮೇಲೆ ಮೂರು ನಿಮಿಷದಲ್ಲಿ ಎಲ್ಲ ಬರೆದು ಎದ್ದು ಬಂದರು.

ಫಲಿತಾಂಶ ಬಂತು. ಕೇಳುವುದರಲ್ಲಿ ಹೆಚ್ಚುಕಡಿಮೆ ಸೊನ್ನೆ.

ನಾನು ಪಕ್ಕದ ಕಾರ್ಖಾನೆಯ ಕೆಲಸಗಾರ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಅನ್ಯಾಯದ ವಾಸನೆ ಬಂದರೆ ಸುಮ್ಮನಿರುವವನಲ್ಲ. ಅವತ್ತು ಏನೇನು ಕೇಳಿಸಿತು ಹೇಳಿ ಎಂದೆ. ಭಟ್ಟರು ಕಾಯಿ ತುರಿಯುತ್ತಲೇ ಶುರು ಮಾಡಿದರು. ಮನೆ ಬಾಡಿಗೆ ಕೇಳುವ ಗಂಡಸು, ಬೀದಿಯ ಹೆಸರು, ಮನೆಯ ನಂಬರು, ರೈಲಿನ ಸಮಯ, ಒಬ್ಬ ಹೆಂಗಸು ಕಳೆದುಕೊಂಡ ಚೀಲದ ಬಣ್ಣ, ಅದರೊಳಗಿದ್ದ ಛತ್ರಿ. ಮೂರು ವಾರದ ಹಿಂದೆ ಒಂದೇ ಸಲ ಕೇಳಿದ್ದು! ನಾನು ಬಾಯಿ ಮುಚ್ಚುವುದನ್ನು ಮರೆತೆ. ಹಾಗಾದರೆ ಬರೆದದ್ದೇನು ಎಂದೆ.

"ಎಲ್ಲ ಬರೆದೆ ಮಾರಾಯ್ರೇ. ಮೊದಲು ನಂಬರುಗಳು, ಆಮೇಲೆ ಊರುಗಳು, ಕಡೆಗೆ ಬಣ್ಣಗಳು."

ಪ್ರಶ್ನೆಯ ಸಾಲಿನ ಪ್ರಕಾರ ಯಾಕೆ ಬರೆಯಲಿಲ್ಲ ಎಂದಾಗ ದಡ್ಡನನ್ನು ನೋಡುವ ಹಾಗೆ ನೋಡಿದರು.

"ನಾಲ್ಕು ಟೇಬಲಿನ ಆರ್ಡರ್ ಒಳಗೆ ಹೇಳುವುದು ಹೇಗೆ? ಮಸಾಲೆ ದೋಸೆ ಎಲ್ಲ ಒಟ್ಟಿಗೆ, ಇಡ್ಲಿ ಎಲ್ಲ ಒಟ್ಟಿಗೆ. ಒಂದೊಂದೇ ಟೇಬಲಿನ ಕತೆ ಹೇಳುತ್ತ ನಿಂತರೆ ಒಲೆಯ ಮುಂದಿದ್ದವ ಸೌಟಿನಲ್ಲಿ ಬಾರಿಸ್ತಾನೆ."

೨. ಪತ್ರದ ಅಭ್ಯಾಸ

ಎರಡನೇ ಸಲಕ್ಕೆ ನಾನೇ ಕಲಿಸುತ್ತೇನೆಂದು ಹೊರಟೆ. ನಾನು ಇಂಗ್ಲಿಷ್ ಕಲಿತದ್ದು ಕಾರ್ಖಾನೆಯ ನೋಟಿಸ್ ಬೋರ್ಡಿನಿಂದ, ಮತ್ತು ಮ್ಯಾನೇಜ್‌ಮೆಂಟ್ ನನಗೇ ಕೊಟ್ಟ ಚಾರ್ಜ್‌ಶೀಟುಗಳಿಂದ. ಚಾರ್ಜ್‌ಶೀಟಿಗೆ ಬರಗಾಲವಿರಲಿಲ್ಲ, ಆದ್ದರಿಂದ ಪಾಠಕ್ಕೂ ಇರಲಿಲ್ಲ.

ಗೆಳೆಯನನ್ನು ಊಟಕ್ಕೆ ಕರೆದು ಪತ್ರ ಬರೆಯಿರಿ ಎಂದೆ. ಭಟ್ಟರು ಬರೆದ ಇಂಗ್ಲಿಷಿನ ಸಾರ ಇಷ್ಟು: ಈ ಪತ್ರ ತಲುಪಿದ ಏಳು ದಿನಗಳೊಳಗೆ ತಾವು ನಮ್ಮ ಮನೆಗೆ ಊಟಕ್ಕೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಕಡೆಯಿಂದ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು. ಪಾಯಸವಿರುತ್ತದೆ.

ನನಗೆ ಒಂದು ತಪ್ಪೂ ಕಾಣಲಿಲ್ಲ. ನೂರಕ್ಕೆ ತೊಂಬತ್ತು ಕೊಟ್ಟೆ. ಹೆಮ್ಮೆಯಿಂದ ನಮ್ಮ ಬಿಲ್ಡಿಂಗಿನಲ್ಲಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹೆಂಗಸಿಗೆ ತೋರಿಸಿದೆ. ಆಕೆ ಎರಡು ಸಲ ಓದಿದರು.

"ರೀ, ಈ ಕಾಗದ ನನಗೆ ಬಂದ್ರೆ ನಾನು ಊಟಕ್ಕೆ ಹೋಗಲ್ಲ, ವಕೀಲರ ಹತ್ರ ಹೋಗ್ತೀನಿ."

ಅವತ್ತಿನಿಂದ ಅವರೇ ಕಲಿಸಿದರು. ನಾನು ಭಟ್ಟರ ಪಕ್ಕದಲ್ಲಿ ಸ್ಲೇಟು ಹಿಡಿದು ಕೂತೆ.

೩. ಬಾಯಿಯ ಪರೀಕ್ಷೆ

ಎರಡನೇ ಸಲ ಕೇಳುವುದು, ಓದುವುದು, ಬರೆಯುವುದು ನೆಟ್ಟಗೆ ಮುಗಿದವು. ಮಾತಾಡುವುದು ಉಳಿಯಿತು. ಪರೀಕ್ಷಿಸಲು ಅದೇ ದೇಶದಿಂದ ಒಬ್ಬ ಹೆಂಗಸು ಬಂದಿದ್ದರು. ಮೇಜಿನ ಮೇಲೆ ರೆಕಾರ್ಡರ್ ತಿರುಗುತ್ತಿತ್ತು. ಆ ಕ್ಯಾಸೆಟ್ಟನ್ನು ಅವರ ದೇಶದಲ್ಲಿ ಇನ್ನೊಬ್ಬರು ಕೇಳಿ ಅಂಕ ಸರಿಯೇ ಎಂದು ನೋಡುತ್ತಾರೆ.

ಯಾಕೆ ಹೋಗಬೇಕು ಎಂದು ಆಕೆ ಕೇಳಿದರು. ಹೋಟೆಲು ಬಾರ್ ಆಗುತ್ತಿದೆ, ಕುಡಿಯುವವರಿಗೆ ನಾನು ಬೇಡ, ತಿನ್ನುವವರಿರುವ ಕಡೆ ಹೋಗಬೇಕು ಎಂದರು ಭಟ್ಟರು. ಅಷ್ಟರಲ್ಲಿ ಅವರ ಕಣ್ಣು ಮೇಜಿನ ಮೂಲೆಗೆ ಹೋಯಿತು. ಎರಡು ಬಾಳೆಹಣ್ಣಿನ ಸಿಪ್ಪೆ, ಒಂದು ಒಣ ಬ್ರೆಡ್ ಚೂರು. ಇದೆಂತದು ಎಂದು ವಿಚಾರಿಸಿದರು. ಮಧ್ಯಾಹ್ನದ ಊಟವಂತೆ. ಬೆಳಿಗ್ಗೆ? ಅದೇ. ಐದು ದಿನದಿಂದ ಅದೇ. ಬೊಂಬಾಯಿಯಲ್ಲಿ ಬೇರೇನೂ ಮುಟ್ಟಬೇಡ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು.

ಭಟ್ಟರು ಮಾತು ನಿಲ್ಲಿಸಿದರು. ಹಸಿದವರ ಮುಂದೆ ಕೂತು ತನ್ನ ಸುದ್ದಿ ಹೇಳುವ ಅಡುಗೆಯವ ಭಟ್ಟರ ಊರ ಕಡೆ ಇನ್ನೂ ಹುಟ್ಟಿಲ್ಲ. ಚೀಲದಿಂದ ತನ್ನ ಡಬ್ಬಿ ತೆಗೆದು ಮುಂದಿಟ್ಟರು. ನಾಲ್ಕು ಬನ್ಸ್, ಚಟ್ನಿ. ಆಕೆ ಕುರ್ಚಿಯನ್ನೇ ಹಿಂದೆ ಸರಿಸಿದರು. ಭಟ್ಟರು ಸಮಾಧಾನದಿಂದ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು: ಇದರಲ್ಲಿರುವುದೂ ಬಾಳೆಹಣ್ಣು ಮತ್ತು ಮೈದಾ. ಡಾಕ್ಟರ್ ಹೇಳಿದ್ದನ್ನೇ ನಾನು ಎಣ್ಣೆಯಲ್ಲಿ ಕರಿದಿದ್ದೇನೆ.

ಆಕೆ ಒಂದನ್ನು ಮುರಿದರು. ನಾಲ್ಕೂ ಮುಗಿದವು. ಆಮೇಲೆ ಪ್ರಶ್ನೆಪತ್ರಿಕೆ ಮಗುಚಿಟ್ಟು ನೋಟ್‌ಬುಕ್ ತೆರೆದರು. ಹಣ್ಣು ಎಷ್ಟು ಕಳಿತಿರಬೇಕು, ಹಿಟ್ಟು ಎಷ್ಟು ಹೊತ್ತು ನೆನೆಯಬೇಕು, ಎಣ್ಣೆ ಕಾದದ್ದು ಗೊತ್ತಾಗುವುದು ಹೇಗೆ, ಉಬ್ಬುವುದು ಯಾಕೆ? ಭಟ್ಟರು ಎಡವಿದರು, ಎದ್ದರು, ಕೈಯಲ್ಲಿ ಲಟ್ಟಿಸಿ ತೋರಿಸಿದರು, ನಿಲ್ಲಲಿಲ್ಲ. ಮುಂದಿನ ಅಭ್ಯರ್ಥಿ ಬಾಗಿಲು ಬಡಿದಾಗಲೇ ಇಬ್ಬರಿಗೂ ಎಚ್ಚರ. ಇಪ್ಪತ್ತು ನಿಮಿಷ ಇಂಗ್ಲಿಷ್ ಮಾತಾಡಿದ್ದು ಭಟ್ಟರಿಗೆ ಗೊತ್ತೇ ಆಗಿರಲಿಲ್ಲ.

ತಿಂಗಳ ಮೇಲೆ ಕಾಗದ ಬಂತು. ಪಾಸು. ಜೊತೆಗೆ ಒಂದು ಚೀಟಿ, ಆ ದೇಶದಲ್ಲಿ ಕ್ಯಾಸೆಟ್ ಕೇಳಿದವರದ್ದು. ಅಂಕಗಳ ಬಗ್ಗೆ ತಕರಾರಿಲ್ಲ, ಆದರೆ ಮೊಸರಿನ ಅಳತೆ ಹೇಳುವಾಗ ಯಾರೋ ಬಾಗಿಲು ಬಡಿದಿದ್ದಾರೆ, ದಯವಿಟ್ಟು ಇನ್ನೊಮ್ಮೆ ತಿಳಿಸಿ.

ದೀಪಾವಳಿಗೆ ಮೊದಲೇ ಭಟ್ಟರು ವಿಮಾನ ಹತ್ತಿದರು. ಒಬ್ಬರು ಹಸಿದಿದ್ದರಿಂದ ಇನ್ನೊಬ್ಬರು ಪಾಸಾದರೆ ಅದು ಅದೃಷ್ಟ, ನ್ಯಾಯವಲ್ಲ. ಅದೇ ರಸ್ತೆಯಲ್ಲಿ ಬಾರ್ ಆಗದೆ ಉಳಿದ ಹೋಟೆಲುಗಳಲ್ಲಿ ಇವತ್ತಿಗೂ ಎಷ್ಟೋ ಅಡುಗೆಯವರು ಅರ್ಜಿ ಹಿಡಿದು ಕೂತಿದ್ದಾರೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಅವರಿಗೆ ಬಿಡುವು. ನಿಮಗೆ ಇಂಗ್ಲಿಷ್ ಬರುತ್ತದಲ್ಲ? ನಕ್ಕದ್ದು ಸಾಕು. ನಾಳೆ ಮೂರು ಗಂಟೆಗೆ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಿ, ಒಬ್ಬರ ಪಕ್ಕದಲ್ಲಿ ಕೂತು ಕಲಿಸಿ.