ಅಜ್ಜಿ ಪೂಜೆಗಿಟ್ಟ ಮೈಕು

ಇಂಥವೆಲ್ಲ ಹುಡುಕ್ಕೊಂಡು ಬಂದು ನನಗೇ ಯಾಕೆ ಗಂಟುಬೀಳ್ತವೋ ಗೊತ್ತಿಲ್ಲ. ಬೆಂಗಳೂರಿನ ಕುಂದಲಹಳ್ಳಿಯಲ್ಲಿ, ಬ್ಯಾಂಡ್ ಹಾಡೋ ಒಂದು ಪಬ್ಬಿನಲ್ಲಿ ನಾಲ್ಕು ವರ್ಷ ಸೌಂಡ್ ಆಪರೇಟರ್ ಆಗಿದ್ದೆ. ಅಷ್ಟರಲ್ಲಿ ಪಬ್ಬಿನ ಹೆಸರು ಮೂರು ಸಲ ಬದಲಾಯ್ತು. ಓನರ್ ಮನಸ್ಸಂತೂ ದಿನಾ ಬದಲಾಗ್ತಿತ್ತು.

ವಾಸ್ತು

ವ್ಯಾಪಾರ ಬಿದ್ದಾಗೆಲ್ಲ ಓನರ್ ವಾಸ್ತು ಹೇಳೋರನ್ನ ಕರೆಸೋರು. ಒಬ್ಬರು ಸ್ಟೇಜು ನೈಋತ್ಯಕ್ಕಿರಲಿ ಅಂದ್ರು, ಎಳೆದ್ವಿ. ಇನ್ನೊಬ್ಬರು ವಾಯವ್ಯ ಅಂದ್ರು, ಮತ್ತೆ ಎಳೆದ್ವಿ. ಅಲ್ಲಿ ಟಾಯ್ಲೆಟ್ ಬಾಗಿಲಿತ್ತು. ಒಳಗಿಂದ ಬಂದವರೆಲ್ಲ ಸೀದಾ ಡ್ರಮ್ಮರ್ ಪಕ್ಕ ಪ್ರತ್ಯಕ್ಷ ಆಗೋರು. ಜನ ಚಪ್ಪಾಳೆ ಹೊಡೆದಾಗ ಒಬ್ಬರು ಕೈಮುಗಿದು, ಮೈಕ್ ತಗೊಂಡು ನಾಲ್ಕು ಮಾತಾಡಿಯೇ ಹೋದ್ರು.

ಕ್ಲೈಂಟ್ ಕಾಲ್

ಕೊರಳಲ್ಲಿ ಟ್ಯಾಗ್ ಹಾಕಿದ್ದ ಸಾಫ್ಟ್‌ವೇರ್ ಸಾರ್ ಒಬ್ಬರು ಸ್ಪೀಕರ್ ಪಕ್ಕದಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದ್ರು. "ಬಾಸ್, ಕ್ಲೈಂಟ್ ಕಾಲ್ ಇದೆ. ಹತ್ತು ನಿಮಿಷ ಹಾಡು ನಿಲ್ಸಿ" ಅಂದ್ರು. ಅವತ್ತು ಇದ್ದ ಗಿರಾಕಿ ಅವರೊಬ್ಬರೇ, ಏನ್ಮಾಡೋದು. ಗಾಯಕ ಬಾಯಿ ಮುಚ್ಚಿಕೊಂಡು ನಿಂತ. ಹತ್ತು ನಿಮಿಷ ಮುಕ್ಕಾಲು ಗಂಟೆ ಆಯ್ತು. ಕೊನೆಗೆ ಸಾರ್, "ಮುಗೀತು, ಈಗ ಆರಾಮಾಗಿ ಹಾಡಿ" ಅಂದು, ಬ್ಯಾಗ್ ಹೆಗಲಿಗೇರಿಸಿ ಹೊರಟೇಬಿಟ್ರು.

ಆಯುಧಪೂಜೆ

ಓನರ್ ಒಂದಿನ ಖಡಾಖಂಡಿತ ಹೇಳಿಬಿಟ್ರು: "ಆಯುಧಪೂಜೆ ದಿನ ಹಾಲ್ ತುಂಬ್ಲಿಲ್ಲ ಅಂದ್ರೆ ಹಾಡೂ ಬೇಡ, ನೀನೂ ಬೇಡ. ದೊಡ್ಡ ಟೀವಿ ಹಾಕ್ತೀನಿ."

ಮಗಳನ್ನ ಆಗತಾನೇ ಸ್ಕೂಲಿಗೆ ಸೇರಿಸಿದ್ದೆ. ಹಬ್ಬದ ಬೆಳಿಗ್ಗೆಯೂ ಪೀಜಿಯಿಂದ ಪೀಜಿಗೆ ಓಡಾಡಿ ಪಾಂಪ್ಲೆಟ್ ಹಂಚಿದೆ. ಮಧ್ಯಾಹ್ನಕ್ಕೆ ಹಾಲ್ ತುಂಬಿತು. ಸದ್ಯ ಬದುಕಿದೆ ಅಂದ್ಕೊಂಡು ಸ್ಟೇಜ್ ಹತ್ತಿ ನೋಡ್ತೀನಿ, ಓನರ್ ತಾಯಿ ಮೈಕು, ಗಿಟಾರು, ಡ್ರಮ್ಮು, ನಾನು ಸೌಂಡ್ ಹೆಚ್ಚುಕಮ್ಮಿ ಮಾಡೋ ಮಿಕ್ಸರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ.

ಗಾಯಕ ಮೈಕಿಗೆ ಕೈ ಹಾಕಿದ. "ಪೂಜೆಗಿಟ್ಟಿದ್ನ ಇವತ್ತು ಮುಟ್ಟಂಗಿಲ್ಲ ಕಣಪ್ಪ, ನಾಳೆ ತಗೋ" ಅಂದ್ರು ಅಜ್ಜಿ. ಓನರ್ ತಾಯಿ ಮಾತಿಗೆ ತಲೆಯಾಡಿಸಿ ಕೌಂಟರ್ ಕಡೆ ಹೋದ್ರು.

ಗತಿಯಿಲ್ಲದೆ ಗಾಯಕ ಬರೀ ಬಾಯಲ್ಲಿ ಶುರುಮಾಡಿದ. ಜನ ಟೇಬಲ್ ಬಡಿದ್ರು. ಮೂರನೇ ಹಾಡಿಗೆ ಇಡೀ ಹಾಲ್ ಹಾಡ್ತಿತ್ತು, ಅಜ್ಜಿಯೂ ತಾಳ ಹಾಕ್ತಿದ್ರು. ನನಗೆ ಹೋದ ಜೀವ ಬಂದಂಗಾಯ್ತು.

ಓನರ್ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, "ಹಾಡು ತೆಗೆಯಲ್ಲ, ಇರ್ಲಿ" ಅಂದ್ರು. ಆಮೇಲೆ ಹೂ ಮುಡಿದ ಮಿಕ್ಸರನ್ನ ಒಂದು ಸಲ, ನನ್ನನ್ನ ಒಂದು ಸಲ ನೋಡಿದ್ರು.

"ಅಲ್ಲ ಗುರು, ಇದ್ಯಾವುದೂ ಇಲ್ದೇನೇ ಇಷ್ಟು ಸಕ್ಕತ್ತಾಗಿ ಬರತ್ತೆ ಅಂದ್ರೆ, ನಾಲ್ಕು ವರ್ಷದಿಂದ ನೀನಿಲ್ಲಿ ಕೂತು ಏನ್ಮಾಡ್ತಿದ್ದೆ?"