ಭತ್ತಕ್ಕೆ ಕಳೆ ಔಷಧಿ ಮಂಜೂರಾದ ಬಗೆ

ನೇರ ಬಿತ್ತನೆಯ ಭತ್ತದಲ್ಲಿ ಕಳೆ ಹುಟ್ಟಲು ನಮ್ಮ ಕಚೇರಿಯ ಅನುಮತಿ ಬೇಕಿಲ್ಲ. ಅದನ್ನು ಸಾಯಿಸಲು ಬೇಕು. ಅನುಮತಿ ಕೊಡುವ ಕಳೆತಜ್ಞ ನಾನೇ. ಹನ್ನೊಂದು ವರ್ಷದ ಸೇವೆಯಲ್ಲಿ ನನ್ನ ಬೂಟಿಗೆ ಕೆಸರು ತಾಗಿಲ್ಲ. ಇದನ್ನು ವಾರ್ಷಿಕ ವರದಿಯಲ್ಲಿ ‘ಸ್ವಚ್ಛತೆ’ ಎಂಬ ಶೀರ್ಷಿಕೆಯಡಿ ನಮೂದಿಸಿದ್ದೇನೆ.

ಬಿತ್ತಿದ ಮಾರನೇ ದಿನವೇ ಒಬ್ಬ ರೈತ ಮಹಿಳೆ ಬಂದರು. ಎರಡೆಕರೆ ಗದ್ದೆ, ಮನೆಮಂದಿಯ ವರ್ಷದ ಅನ್ನ ಅದರಲ್ಲೇ.

“ಕಳೆ ಮೊಳೆಯೋಕೆ ಮುಂಚೆ, ಮೂರು ದಿನದೊಳಗೆ ಹೊಡೆಯೋ ಔಷಧಿ ಇದ್ಯಂತಲ್ಲ ಸಾರ್. ಅದಕ್ಕೊಂದು ಚೀಟಿ ಬರೆದುಕೊಡಿ.”

“ಧಾರಾಳವಾಗಿ ಕೊಡೋಣಮ್ಮ. ಅರ್ಜಿ ಜೊತೆ ಕಳೆಯ ಮಾದರಿ ಲಗತ್ತಿಸಿ, ಬೇರು ಸಮೇತ.”

“ಇನ್ನೂ ಹುಟ್ಟೇ ಇಲ್ವಲ್ಲ ಸಾರ್.”

“ಹುಟ್ಟದೇ ಇರೋದನ್ನ ಸಾಯಿಸೋಕೆ ನಿಯಮದಲ್ಲಿ ಅವಕಾಶ ಇಲ್ಲಮ್ಮ.”

ಆ ನಿಯಮ ಬರೆದವನೂ ನಾನೇ. ಬರೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಇಪ್ಪತ್ತನೇ ದಿನ ಅವರು ಒಂದು ಹಿಡಿ ಕಳೆ ಕಿತ್ತು ತಂದರು. ಕಳೆ ಎದ್ದ ಮೇಲೆ ಹೊಡೆಯುವ ಔಷಧಿ ಬೇರೆ. ಅದಕ್ಕಿನ್ನೂ ಐದು ದಿನ ಸಮಯವಿತ್ತು. ಆದರೆ ಎಳೆಯ ಭತ್ತವೂ ಕೆಲವು ಕಳೆಯೂ ನೋಡಲು ಒಂದೇ ಥರ. ತಂದದ್ದು ಯಾವುದೆಂದು ನನಗೆ ಸುತರಾಂ ಗೊತ್ತಾಗಲಿಲ್ಲ. ಹಾಗೆಂದು ಬಾಯಿಬಿಟ್ಟರೆ ತಜ್ಞನ ಮಾನ ಹೋಗುತ್ತದೆ. ‘ಹೆಚ್ಚಿನ ಪರಿಶೀಲನೆಗೆ’ ಎಂದು ಬರೆದು ಮೇಲಧಿಕಾರಿಗೆ ಕಳಿಸಿದೆ. ಅವರಿಗೂ ಗೊತ್ತಾಗಲಿಲ್ಲ, ನನಗಿಂತ ದೊಡ್ಡವರಾದ್ದರಿಂದ ಅದಕ್ಕೆ ಆರು ವಾರ ತೆಗೆದುಕೊಂಡರು. ಕೊನೆಗೆ ಸುತ್ತೋಲೆ ಬಂತು:

“ಗದ್ದೆಯಲ್ಲಿ ಸಂಖ್ಯೆಯಲ್ಲಿ ಹೆಚ್ಚಿರುವುದನ್ನು ಬೆಳೆ ಎಂದೂ ಕಡಿಮೆ ಇರುವುದನ್ನು ಕಳೆ ಎಂದೂ ಪರಿಗಣಿಸತಕ್ಕದ್ದು.”

ಬೂಟು ಬಿಚ್ಚಿಟ್ಟು ಆ ಮಹಿಳೆಯ ಗದ್ದೆಗಿಳಿದೆ. ಒಂದು ಚದರ ಮೀಟರಿನಲ್ಲಿ ಒಂದು ಜಾತಿ ನೂರಾ ಎಂಬತ್ತು, ಇನ್ನೊಂದು ಒಂಬತ್ತು.

“ಆ ಒಂಬತ್ತು ನನ್ನ ಭತ್ತ ಸಾರ್,” ಎಂದರು ಅವರು.

ನನಗೂ ಅಯ್ಯೋ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬದುವಿನ ಮೇಲೆ ಕೂತು ಭತ್ತ ಸಾಯಿಸುವ ಔಷಧಿಗೆ ಚೀಟಿ ಬರೆದೆ. ಅವರು ಎರಡೂ ಕೈಯಲ್ಲಿ ಇಸಿದುಕೊಂಡು ಹೋಗಿ ಹೊಡೆದರು. ಔಷಧಿ ಚೆನ್ನಾಗಿ ಕೆಲಸ ಮಾಡಿತು. ಆ ಗದ್ದೆಗೆ ‘ಉತ್ತಮ ತಾಕು’ ಎಂದು ಫಲಕ ಹಾಕಿಸಿದೆವು.

ನಿನ್ನೆ ಅವರು ಒಂದು ಪಾತ್ರೆ ತುಂಬ ಆ ‘ಬೆಳೆ’ಯ ಕಾಳು ಹಿಡಿದು ಮತ್ತೆ ಬಂದಿದ್ದರು.

“ಕೊಯ್ಲಾಯ್ತು ಸಾರ್. ಇದನ್ನ ಎಷ್ಟು ನೀರಿಟ್ಟು ಬೇಯಿಸ್ಬೇಕು?”

“ಅದು ನಮ್ಮ ವಿಭಾಗ ಅಲ್ಲಮ್ಮ. ಮೂರನೇ ಬಾಗಿಲು.”

ಅವರು ಹೋಗಿ ಸಾಲಿನಲ್ಲಿ ನಿಂತರು. ಅಲ್ಲಿ ಆಗಲೇ ನಲವತ್ತು ಜನ ಪಾತ್ರೆ ಹಿಡಿದು ನಿಂತಿದ್ದರು.